ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಆತ್ಮಹತ್ಯೆ ತಡೆ: ಕೇಳುವ ಬಗೆ, ಕೈಬಿಡದ ಬಗೆ

ಸಾಯಬೇಕೆಂಬ ಯೋಚನೆ ಹೊತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರು ಆ ಮಾತನ್ನು ತಾವಾಗಿ ಎತ್ತುವುದು ಕಡಿಮೆ. ತಲೆಭಾರ, ಎದೆಯುರಿ, ಮೈಕೈ ನೋವು, ಸುಸ್ತು, ನಿದ್ದೆಯಿಲ್ಲ ಎಂದು ಚೀಟಿ ಬರೆಸುತ್ತಾರೆ. ಹೊರಗೆ ಸಾಲು ಉದ್ದವಿರುತ್ತದೆ. ನೋವಿನ ಗುಳಿಗೆಯೋ ಒಂದು ಚುಚ್ಚುಮದ್ದೋ ಸಿಗುತ್ತದೆ, ಮನೆಗೆ ಹೋಗುತ್ತಾರೆ. ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ಸುಮಾರು ಶೇ 45ರಷ್ಟು ಜನ ಅದರ ಹಿಂದಿನ ಒಂದು ತಿಂಗಳೊಳಗೆ ಪ್ರಾಥಮಿಕ ಹಂತದ ವೈದ್ಯರೊಬ್ಬರನ್ನು ಕಂಡಿದ್ದರೆಂದು ಹೊರದೇಶಗಳ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳಿದ್ದಾರೆ. ಮನೋವೈದ್ಯರ ಬಳಿಗೆ ಹೋದವರು ಅದರ ಅರ್ಧದಷ್ಟೂ ಇರಲಿಲ್ಲ. ತಡೆಯುವ ಅವಕಾಶ ದೊಡ್ಡಾಸ್ಪತ್ರೆಯಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಊರ ಕೇಂದ್ರದ ಬೆಂಚಿನ ಮೇಲೆ ಸಿಗುತ್ತದೆ ಎಂಬುದು ಇದರಿಂದ ಕಾಣುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಕರ್ನಾಟಕದ ಪಾಲು 13,606. ಅದೇ ವರದಿಯಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4ರಷ್ಟು ಸಾವುಗಳಿಗೆ ಕಾರಣವೆಂದು ದಾಖಲಾಗಿದೆ. ಪೊಲೀಸ್ ದಾಖಲೆಯಲ್ಲಿ ಒಂದು ಸಾವಿಗೆ ಒಂದೇ ಕಾರಣ ಬರೆಯಲಾಗುತ್ತದೆ. ಬದುಕಿನಲ್ಲಿ ಸಾಲ, ಕುಡಿತ, ಮನೆಜಗಳ, ಬಗೆಹರಿಯದ ಹೊಟ್ಟೆನೋವು ಒಂದರ ಮೇಲೊಂದು ಕೂತಿರುತ್ತವೆ. ಆದರೂ ಕಾಯಿಲೆಯ ಅಂಕಿ ಆರೋಗ್ಯ ಸಿಬ್ಬಂದಿಯ ಮಟ್ಟಿಗೆ ತೂಕದ್ದು. ಆ ಜನ ಚಿಕಿತ್ಸೆಗೆಂದು ಹೇಗೂ ಬಾಗಿಲಿಗೆ ಬರುವವರು.

ಹಳ್ಳಿಯ ವೈದ್ಯರು ಮತ್ತು ಕಾರ್ಯಕರ್ತೆಯರು ಮನೋರೋಗ ಗುರುತಿಸಿ ಚಿಕಿತ್ಸೆ ಕೊಡಬಲ್ಲರು ಎಂಬುದು ಕರ್ನಾಟಕದಲ್ಲೇ ಪರೀಕ್ಷೆಗೊಳಗಾದ ವಿಚಾರ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಶುರು ಮಾಡಿದ ಈ ಕೆಲಸ 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿತು. 1996ರಲ್ಲಿ ದೇಶ ಕೈಗೆತ್ತಿಕೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. 2022ರ ನವೆಂಬರ್‌ನಲ್ಲಿ ಹೊರಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿ 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟಿದೆ. ಆ ಗುರಿ ಮುಟ್ಟುವುದು ಬಹುಪಾಲು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಸಾವಿರ ಜನಕ್ಕೊಬ್ಬರಂತೆ ಇರುವ ಆಶಾ ಕಾರ್ಯಕರ್ತೆ ಮತ್ತು ಕೇಂದ್ರದ ವೈದ್ಯಾಧಿಕಾರಿಯ ಕೈಯಲ್ಲಿದೆ.

ಕೇಳಿದರೆ ಏಕೆ ಒಳ್ಳೆಯದಾಗುತ್ತದೆ

“ಸಾಯುವ ಮಾತು ನಾವೇ ಎತ್ತಿದರೆ, ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾದೀತು” ಎಂಬ ಅಳುಕು ಸಿಬ್ಬಂದಿಯಲ್ಲಿ ಬಲವಾಗಿದೆ. ಇದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಹಾಗಾಗಿದ್ದು ಕಂಡುಬಂದಿಲ್ಲ. ಕೇಳಿಸಿಕೊಂಡವರಲ್ಲಿ ಆ ಯೋಚನೆ ಹೆಚ್ಚಲಿಲ್ಲ, ಕೆಲವರಲ್ಲಿ ಸಂಕಟವೇ ಇಳಿಯಿತು. ಕಾರಣ ಸರಳವಾಗಿದೆ. ಸಾಯುವ ಯೋಚನೆ ಬಂದವರು ಅದನ್ನು ನಾಚಿಕೆ ಎಂದೋ ಪಾಪ ಎಂದೋ ಒಳಗೇ ಮುಚ್ಚಿಟ್ಟುಕೊಂಡಿರುತ್ತಾರೆ, ಮನೆಯವರೆದುರು ಹೇಳಿದರೆ ಬೈಗುಳವೋ ಅಳುವೋ ಎದುರಾಗುತ್ತದೆ. ಬೆಚ್ಚದೆ, ಬೈಯದೆ ಒಬ್ಬರು ಕೇಳಿದಾಗ ಆ ಮುಚ್ಚುಮರೆ ಸಡಿಲವಾಗುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಸಾಯುವ ತವಕ ಅಲೆಯ ಹಾಗೆ ಏರಿ ಇಳಿಯುತ್ತದೆ. ಬಹಳ ಜನರಲ್ಲಿ ಅದರ ತುತ್ತತುದಿಯ ಹೊತ್ತು ದಿನಗಟ್ಟಲೆ ಇರುವುದಿಲ್ಲ. ಗಂಟೆಗಳಲ್ಲಿ, ಕೆಲವೊಮ್ಮೆ ನಿಮಿಷಗಳಲ್ಲಿ ದಾಟಿಹೋಗುತ್ತದೆ. ಯತ್ನದಿಂದ ಬದುಕುಳಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಮುಂದೆ ಆತ್ಮಹತ್ಯೆಯಿಂದ ಸಾಯಲಿಲ್ಲ. ಆದ್ದರಿಂದ ಆ ಹೊತ್ತನ್ನು ದಾಟಿಸುವುದು ಸಾವನ್ನು ನಾಳೆಗೆ ಮುಂದೂಡಿದಂತೆ ಅಲ್ಲ, ಬಹುಮಟ್ಟಿಗೆ ಜೀವವನ್ನೇ ಉಳಿಸಿದಂತೆ.

ಯಾರನ್ನು ಕೇಳಬೇಕು

ಬಂದವರೆಲ್ಲರನ್ನೂ ಕೇಳಲು ಸಮಯ ಸಾಲದು, ಬೇಕಾಗಿಯೂ ಇಲ್ಲ. ಕಾರಣ ಸಿಗದ ನೋವಿಗೆ ಮತ್ತೆ ಮತ್ತೆ ಬರುವವರು, ನಿದ್ದೆಗೆಟ್ಟವರು, ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ ಎನ್ನುವವರು, ಹೆಚ್ಚು ಕುಡಿಯುವವರು, ಬಾಣಂತಿಯರು, ವಾಸಿಯಾಗದ ಕಾಯಿಲೆಯವರು, ಒಂಟಿ ವೃದ್ಧರು, ಮೈಮೇಲೆ ಹೊಡೆತದ ಗುರುತಿರುವ ಹೆಂಗಸರು, ಹಿಂದೆ ಒಮ್ಮೆ ಯತ್ನ ಮಾಡಿದವರು: ಇವರನ್ನು ಕೇಳದೆ ಕಳಿಸಬಾರದು. ಹಿಂದಿನ ಯತ್ನ ಎಲ್ಲಕ್ಕಿಂತ ಬಲವಾದ ಸೂಚನೆ.

ಮಾತಿನಲ್ಲೂ ಸೂಚನೆ ಇರುತ್ತದೆ. “ಸಾಕಾಗಿದೆ”, “ಜೀವ ಬೇಸರ ಆಗೇತಿ”, “ನಾನಿಲ್ಲದಿದ್ದರೆ ಇವರಿಗೆಲ್ಲ ಹಗುರ”, “ದೇವರು ಬೇಗ ಕರಕೊಂಡರೆ ಸಾಕು” ಎಂಬಂಥ ಮಾತು ಹಳ್ಳಿಯಲ್ಲಿ ದಿನಬಳಕೆಯದು, ಅದಕ್ಕೇ ಕಿವಿಗೆ ಬೀಳದೆ ಹೋಗುತ್ತದೆ. ಹೀಗೆಂದವರೆಲ್ಲ ಅಪಾಯದಲ್ಲಿರುವುದಿಲ್ಲ, ನಿಜ. ಆದರೆ ಅಪಾಯದಲ್ಲಿರುವವರೂ ಇದೇ ಮಾತನ್ನಾಡುತ್ತಾರೆ. ಬೇರೆ ಮಾಡುವುದಕ್ಕೆ ಇರುವ ದಾರಿ ಕೇಳುವುದೊಂದೇ. ಮನೆ ಭೇಟಿಗೆ ಹೋದ ಆಶಾ ಕಾರ್ಯಕರ್ತೆಗೆ ಕಾಣುವ ಸೂಚನೆಗಳು ಬೇರೆ: ಇದ್ದಕ್ಕಿದ್ದಂತೆ ದನ ಮಾರುವುದು, ಒಡವೆಯನ್ನು ಮಗಳಿಗೋ ತಂಗಿಗೋ ಹಂಚುವುದು, ಸಂಘದ ಸಭೆಗೆ ಬರುವುದನ್ನು ನಿಲ್ಲಿಸುವುದು, ಅಡುಗೆಮನೆ ತಣ್ಣಗಿರುವುದು.

ಹೇಗೆ ಕೇಳಬೇಕು

ಮೊದಲು ಏಕಾಂತ. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿರುವಾಗ ಯಾವ ಸೊಸೆಯೂ ಬಾಯಿ ಬಿಡುವುದಿಲ್ಲ. ರಕ್ತದೊತ್ತಡ ನೋಡಬೇಕು, ತೂಕ ನೋಡಬೇಕು ಎಂದು ಒಳಗೆ ಕರೆದುಕೊಂಡು ಹೋದರೆ ಯಾರಿಗೂ ಅನುಮಾನ ಬಾರದು. ಐದು ಹತ್ತು ನಿಮಿಷ ಸಾಕು. ಕೂತು ಮಾತಾಡಬೇಕು, ನಿಂತುಕೊಂಡು ಕೇಳಿದ ಪ್ರಶ್ನೆಗೆ ನಿಂತಷ್ಟೇ ಹೊತ್ತಿನ ಉತ್ತರ ಸಿಗುತ್ತದೆ. ಮಾತಿನ ಕ್ರಮ ಹೀಗಿದ್ದರೆ ಅನುಕೂಲ:

1. ಅವರು ಹೇಳಿಕೊಂಡು ಬಂದ ನೋವಿನಿಂದಲೇ ಶುರು ಮಾಡುವುದು. “ಈ ತಲೆಭಾರ ಎಷ್ಟು ದಿನದಿಂದ? ರಾತ್ರಿ ನಿದ್ದೆ ಹೇಗೆ? ಊಟ ಸೇರುತ್ತದೆಯೆ?”

2. ಅಲ್ಲಿಂದ ಮನಸ್ಸಿಗೆ ದಾಟುವುದು. “ಮೈಗೆ ಇಷ್ಟು ಆಯಾಸ ಇದ್ದಾಗ ಮನಸ್ಸಿಗೂ ಬೇಸರ ಆಗುತ್ತದೆ. ನಿಮಗೆ ಹೇಗಿದೆ? ಮನೆಯಲ್ಲಿ ಏನಾದರೂ ತೊಂದರೆ ಇದೆಯಾ?”

3. ಬದುಕಿನ ಬಗ್ಗೆ ಕೇಳುವುದು. “ಇಷ್ಟೊಂದು ಕಷ್ಟ ಬಂದವರಿಗೆ ಕೆಲವೊಮ್ಮೆ ಬದುಕೇ ಬೇಡ ಅನ್ನಿಸುತ್ತದೆ. ನಿಮಗೂ ಹಾಗೆ ಅನ್ನಿಸಿದ್ದುಂಟಾ?”

4. ಹೌದೆಂದರೆ ನೇರವಾಗಿ ಕೇಳುವುದು. “ಜೀವ ಕಳಕೊಳ್ಳಬೇಕು ಅಂತ ಯೋಚನೆ ಬಂದಿದೆಯಾ? ಈಚೆಗೆ ಯಾವಾಗ ಬಂತು? ಇವತ್ತೂ ಇದೆಯಾ?”

5. ಯೋಚನೆ ಎಷ್ಟು ಮುಂದೆ ಹೋಗಿದೆ ಎಂದು ತಿಳಿಯುವುದು. “ಹೀಗೆ ಮಾಡಬೇಕು ಅಂತ ಏನಾದರೂ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೀರಾ? ಹಿಂದೆ ಯಾವಾಗಲಾದರೂ ಹಾಗೆ ಮಾಡಿಕೊಂಡದ್ದುಂಟಾ?”

6. ಕೊನೆಗೆ, ತಡೆದು ನಿಲ್ಲಿಸಿದ್ದೇನು ಎಂದು ಕೇಳುವುದು. “ಇಷ್ಟಾದರೂ ಇಲ್ಲಿಯವರೆಗೆ ಬಂದಿದ್ದೀರಿ. ನಿಮ್ಮನ್ನು ಹಿಡಿದಿಟ್ಟದ್ದು ಏನು?”

ಆರನೆಯ ಪ್ರಶ್ನೆಯನ್ನು ಬಿಡಬಾರದು. ಮಗಳ ಓದು, ಕರು ಹಾಕಬೇಕಾದ ಹಸು, ವಯಸ್ಸಾದ ತಾಯಿ ಎಂದು ಯಾವುದೋ ಒಂದು ಎಳೆ ಅಲ್ಲಿ ಸಿಗುತ್ತದೆ, ಮುಂದಿನ ಯೋಜನೆಗೆ ಅದೇ ಆಧಾರ. “ನೀವೇನೂ ಹಾಗೆಲ್ಲ ಮಾಡಿಕೊಳ್ಳಲ್ಲ ತಾನೆ?” ಎಂದು ಮಾತ್ರ ಕೇಳಬಾರದು. ಆ ಪ್ರಶ್ನೆಯೊಳಗೇ ಉತ್ತರ ಕೂತಿದೆ. ಎದುರಿನವರು “ಇಲ್ಲ” ಎಂದು ಕೇಳಿದವರ ಮನಸ್ಸಿಗೆ ಸಮಾಧಾನ ಮಾಡಿ ಹೋಗುತ್ತಾರೆ.

ಉತ್ತರ ಬಂದ ಮೇಲೆ

ಅಂಕ ಹಾಕಿ ಕೂಡಿಸಿ ಯಾರು ಸಾಯುತ್ತಾರೆ, ಯಾರು ಬದುಕುತ್ತಾರೆ ಎಂದು ಹೇಳುವ ಅಳತೆಗೋಲು ಜಗತ್ತಿನಲ್ಲಿ ಎಲ್ಲೂ ಇಲ್ಲ. ಇರುವ ಪಟ್ಟಿಗಳು ನೆನಪಿನ ನೆರವಿಗಷ್ಟೇ. ಹಾಗಾಗಿ ತೀರ್ಮಾನವನ್ನು ಒಂದು ಪ್ರಶ್ನೆಗೆ ಕಟ್ಟಿಕೊಳ್ಳುವುದು ಲೇಸು: ಇವರನ್ನು ಇವತ್ತು ರಾತ್ರಿ ಒಂಟಿಯಾಗಿ ಬಿಡಬಹುದೇ?

ಸಾಯುವ ಉದ್ದೇಶ ಈಗಲೂ ಇದೆ, ಯೋಜನೆ ಇದೆ, ಅಥವಾ ಕೆಲವೇ ದಿನದ ಹಿಂದೆ ಯತ್ನ ನಡೆದಿದೆ ಎಂದಾದರೆ ಅವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ. ಚೀಟಿ ಬರೆದು “ಜಿಲ್ಲಾಸ್ಪತ್ರೆಗೆ ಹೋಗಿ” ಎಂದು ಬಸ್ಸು ಹತ್ತಿಸುವುದು ಕಳಿಸಿದಂತಲ್ಲ, ಕೈಬಿಟ್ಟಂತೆ. ಯಾರಾದರೂ ಜೊತೆಗೆ ಹೋಗಬೇಕು, ಅಲ್ಲಿನ ವೈದ್ಯರಿಗೆ ಮೊದಲೇ ಫೋನ್ ಮಾಡಿರಬೇಕು, ತಲುಪಿದರೆಂದು ಸಂಜೆ ಖಾತ್ರಿ ಮಾಡಿಕೊಳ್ಳಬೇಕು. ಭ್ರಮೆ, ಅನುಮಾನ, ಸಂಬಂಧವಿಲ್ಲದ ಮಾತು ಇದ್ದರೂ ಇದೇ ಕ್ರಮ.

ಯೋಚನೆ ಬರುತ್ತದೆ, ಆದರೆ ಉದ್ದೇಶವಿಲ್ಲ, ಮನೆಯಲ್ಲಿ ನಂಬುವ ಒಬ್ಬರಿದ್ದಾರೆ ಎಂದಾದರೆ ಕೇಂದ್ರದಲ್ಲೇ ಆರೈಕೆ ಆರಂಭಿಸಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರ ತಂಡ ಬರುವ ವ್ಯವಸ್ಥೆ ಕರ್ನಾಟಕದಲ್ಲಿದೆ. ಆ ದಿನದವರೆಗೆ ಕೈಹಿಡಿದು ನಡೆಸುವುದು ಪ್ರಾಥಮಿಕ ಕೇಂದ್ರದ ಪಾಲಿನದು. ನಡುವೆ ಸಂದೇಹ ಬಂದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ರೋಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಕರೆ ಮಾಡಿಸಬಹುದು.

ಗುಳಿಗೆಯ ವಿಷಯದಲ್ಲಿ ಮೂರು ಎಚ್ಚರಿಕೆಗಳಿವೆ. ಖಿನ್ನತೆಯ ಗುಳಿಗೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ “ಇದೂ ಹತ್ತಲಿಲ್ಲ” ಎಂಬ ಇನ್ನೊಂದು ನಿರಾಸೆ ಸೇರಿಕೊಳ್ಳುತ್ತದೆ. ಆರಂಭದ ವಾರಗಳಲ್ಲಿ, ಅದರಲ್ಲೂ 25ರೊಳಗಿನ ಪ್ರಾಯದವರಲ್ಲಿ, ಚಡಪಡಿಕೆ ಹೆಚ್ಚುತ್ತಿದೆಯೆ ಎಂದು ನೋಡುತ್ತಿರಬೇಕು. ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡದೆ ವಾರವಾರ ಕೊಡಬೇಕು. ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿರಬೇಕು. ವಾರವಾರ ಬರುವುದು ಕಷ್ಟವಾದರೂ ಆ ಬರುವಿಕೆಯೂ ಚಿಕಿತ್ಸೆಯ ಭಾಗವೇ.

ಮನೆಯೊಳಗಿನ ಕೀಟನಾಶಕ

ಹೊಲಕ್ಕೆ ಸಿಂಪಡಿಸುವ ವಿಷವನ್ನು ಹಳ್ಳಿಯಲ್ಲಿ ‘ಔಷಧಿ’ ಎನ್ನುತ್ತಾರೆ, ಹಲವೆಡೆ ‘ಎಣ್ಣೆ’ ಎನ್ನುತ್ತಾರೆ. ಹೆಸರಿನಷ್ಟೇ ಸಲುಗೆಯಿಂದ ಅದು ಮನೆಯ ಅಟ್ಟದಲ್ಲಿ, ಬಾಗಿಲ ಸಂದಿಯಲ್ಲಿ ಇರುತ್ತದೆ. ಸಂಕಟ ತುದಿಗೇರಿದ ಆ ಕಡಿಮೆ ಹೊತ್ತಿನಲ್ಲಿ ಅದು ಕೈಗೆಟಕುತ್ತದೋ ಇಲ್ಲವೋ ಎಂಬುದೇ ಎಷ್ಟೋ ಸಲ ಸಾವು ಬದುಕನ್ನು ನಿರ್ಧರಿಸುತ್ತದೆ. ಅಪಾಯಕಾರಿ ವಸ್ತುವನ್ನು ದೂರವಿಡುವುದು ಮನಸ್ಸಿನ ನೋವಿಗೆ ಮದ್ದಲ್ಲ ಎಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ಆದರೆ ಆತ್ಮಹತ್ಯೆ ತಡೆಯ ಉಪಾಯಗಳಲ್ಲಿ ಇದಕ್ಕಿರುವಷ್ಟು ಗಟ್ಟಿ ಸಾಕ್ಷ್ಯ ಬೇರಾವುದಕ್ಕೂ ಇಲ್ಲ. ಶ್ರೀಲಂಕಾ 1980ರ ದಶಕದಿಂದ ತೀವ್ರ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂತು. 1995ರ ಸುಮಾರಿಗೆ ಶಿಖರದಲ್ಲಿದ್ದ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಸುಮಾರು ಶೇ 70ರಷ್ಟು ಇಳಿಯಿತು. ಬೆಳೆಯ ಇಳುವರಿ ಅದರಿಂದ ಕುಸಿಯಲಿಲ್ಲ.

ನಿಷೇಧ ಸರ್ಕಾರದ ಕೆಲಸ. ಊರ ಮಟ್ಟದಲ್ಲಿ ಆಗುವುದೇನು? ಇಲ್ಲಿ ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಚೆನ್ನೈನ ಸ್ನೇಹಾ ಸಂಸ್ಥೆಯ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್ ತಂಡ ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಭಾಗದ ಹಳ್ಳಿಗಳಲ್ಲಿ ಬ್ಯಾಂಕ್ ಲಾಕರಿನಂತೆ ಕೀಟನಾಶಕಕ್ಕೊಂದು ಸಾಮೂಹಿಕ ಕೊಠಡಿ ಮಾಡಿತು. ಪ್ರತಿ ರೈತನಿಗೂ ಒಂದು ಪೆಟ್ಟಿಗೆ, ತೆಗೆಯಲು ಬಂದಾಗ ಅಲ್ಲೊಬ್ಬ ವ್ಯವಸ್ಥಾಪಕ. ಆ ಹಳ್ಳಿಗಳಲ್ಲಿ ಕೀಟನಾಶಕದ ಆತ್ಮಹತ್ಯೆಗಳು ಕಡಿಮೆಯಾದವು. ಶ್ರೀಲಂಕಾದ 180 ಹಳ್ಳಿಗಳನ್ನು ಆಯ್ದು, ಅವುಗಳ ಅರ್ಧದಷ್ಟರಲ್ಲಿ ಮನೆಗಳಿಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಮಾತ್ರ ಏನೂ ಪ್ರಯೋಜನ ಕಾಣಲಿಲ್ಲ. ವ್ಯತ್ಯಾಸ ಎಲ್ಲಿದೆ ಎಂಬುದನ್ನು ಹಳ್ಳಿಯ ಮನೆ ಕಂಡವರು ಊಹಿಸಬಲ್ಲರು: ಮನೆಯ ಪೆಟ್ಟಿಗೆಯ ಕೀಲಿ ಮನೆಯಲ್ಲೇ ಇರುತ್ತದೆ, ಸ್ವಲ್ಪ ದಿನಕ್ಕೆ ಬೀಗ ಹಾಕುವುದೇ ನಿಲ್ಲುತ್ತದೆ. ಸಾಮೂಹಿಕ ಕೊಠಡಿ ಮನೆಯಿಂದ ದೂರ, ಮೇಲಾಗಿ ಅಲ್ಲಿ ಒಬ್ಬ ಮನುಷ್ಯನ ಮುಖ ಎದುರಾಗುತ್ತದೆ.

ಆದ್ದರಿಂದ ಅಪಾಯದಲ್ಲಿರುವವರ ಮನೆಗೆ ಕೊಡುವ ಸಲಹೆ “ಬೀಗ ಹಾಕಿಡಿ” ಎಂಬಲ್ಲಿಗೆ ನಿಲ್ಲಬಾರದು. ಸಂಕಟದ ದಿನಗಳು ಕಳೆಯುವವರೆಗೆ ವಿಷ ಮನೆಯಿಂದ ಹೊರಗಿರಬೇಕು, ಅಣ್ಣನದೋ ನೆರೆಯ ಹಿರಿಯರದೋ ಜವಾಬ್ದಾರಿಯಲ್ಲಿ ಬೇರೆ ಬೀಗದಡಿ ಇರಬೇಕು. ಮುಂಗಾರಿಗೆ ಬೇಕಾದುದನ್ನೆಲ್ಲ ಒಮ್ಮೆಲೇ ತಂದಿಡದೆ ಆ ವಾರದ ಸಿಂಪಡಣೆಗೆ ಬೇಕಾದಷ್ಟನ್ನೇ ಕೊಳ್ಳುವುದು ಒಳ್ಳೆಯದು. ಉಳಿದದ್ದನ್ನು ಕೆರೆ, ಬಾವಿಯ ಹತ್ತಿರ ಸುರಿಯಬಾರದು. ವಿಲೇವಾರಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಮನೆಯಲ್ಲಿ ಉಳಿದ ಹಳೆಯ ಗುಳಿಗೆಗಳಿಗೂ ಇದೇ ಕಟ್ಟುನಿಟ್ಟು. ಈ ಮಾತನ್ನು ಮನೆಯವರೊಡನೆ ಆಡುವ ಮೊದಲು ರೋಗಿಯ ಒಪ್ಪಿಗೆ ಕೇಳುವುದು ಸರಿ. ಜೀವಕ್ಕೆ ಅಪಾಯ ಕಣ್ಣೆದುರೇ ಇದ್ದಾಗ ಒಪ್ಪಿಗೆಗೆ ಕಾಯುವಂತಿಲ್ಲ.

ಸುರಕ್ಷತಾ ಯೋಜನೆ

ಸಂಕಟ ಏರಿದಾಗ ಯೋಚಿಸುವ ಶಕ್ತಿ ಕುಗ್ಗುತ್ತದೆ. ದಾರಿ ಒಂದೇ ಎಂದು ಕಾಣತೊಡಗುತ್ತದೆ. ಹಾಗಾಗಿ ಮನಸ್ಸು ತಿಳಿಯಾಗಿರುವಾಗಲೇ ಮಾಡಬೇಕಾದುದನ್ನು ಕ್ರಮವಾಗಿ ಬರೆದಿಟ್ಟುಕೊಳ್ಳುವ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದರು. ಈಗ ಅದು ಎಲ್ಲೆಡೆ ಬಳಕೆಯಲ್ಲಿದೆ. ಅರ್ಧ ಗಂಟೆ ಹಿಡಿಯುವ ಈ ಕೆಲಸವನ್ನು ಸಮುದಾಯ ಆರೋಗ್ಯ ಅಧಿಕಾರಿಯೂ ಮಾಡಬಲ್ಲರು.

1. ಆ ಯೋಚನೆ ಬರುವ ಮುನ್ನ ಏನಾಗುತ್ತದೆ: ಸಾಲದವರ ಫೋನ್, ಕುಡಿದು ಬಂದ ಗಂಡ, ಬೆಳಗಿನ ಜಾವದ ಎಚ್ಚರ.

2. ಆಗ ತಾವೊಬ್ಬರೇ ಮಾಡಬಹುದಾದದ್ದು: ಮುಖ ತೊಳೆದು ಹೊರಗೆ ಕೂರುವುದು, ದನಕ್ಕೆ ಮೇವು ಹಾಕುವುದು, ಭಜನೆ ಕೇಳುವುದು.

3. ಹೋಗಿ ಕೂರಬಹುದಾದ ಜಾಗ, ಜನ: ದೇವಸ್ಥಾನದ ಕಟ್ಟೆ, ಪಕ್ಕದ ಮನೆಯ ಜಗಲಿ, ಹಾಲಿನ ಡೇರಿ.

4. ವಿಷಯ ಬಿಚ್ಚಿ ಹೇಳಬಹುದಾದ ಇಬ್ಬರ ಹೆಸರು ಮತ್ತು ನಂಬರು.

5. ಆರೋಗ್ಯ ಕೇಂದ್ರದ ನಂಬರು, ಆಶಾ ಕಾರ್ಯಕರ್ತೆಯ ನಂಬರು, 14416, ತುರ್ತಿಗೆ 108.

6. ಮನೆಯಿಂದ ಏನು ಹೊರಗೆ ಹೋಗಬೇಕು, ಯಾರು, ಯಾವತ್ತು ಒಯ್ಯುತ್ತಾರೆ.

ಇದರಲ್ಲಿನ ಪ್ರತಿ ಮಾತೂ ರೋಗಿಯ ಬಾಯಿಂದಲೇ ಬಂದಿರಬೇಕು. ಸಿಬ್ಬಂದಿ ತಾವೇ ತುಂಬಿಕೊಟ್ಟ ಹಾಳೆ ಮನೆಯ ಮೊಳೆಗೆ ಸಿಕ್ಕಿಸಿದ ಇನ್ನೊಂದು ಚೀಟಿಯಾಗುತ್ತದೆ. ಓದುಬರಹ ಬಾರದವರಿಗೆ ಇದನ್ನು ಅವರ ದನಿಯಲ್ಲೇ ಮೊಬೈಲಿಗೆ ಧ್ವನಿಮುದ್ರಿಸಿ ಕೊಡಬಹುದು, ನಂಬರುಗಳ ಪಕ್ಕ ಗುರುತಿನ ಚಿತ್ರ ಬರೆಯಬಹುದು. ಕುಡಿತವಿರುವವರಲ್ಲಿ ಈ ಯೋಜನೆಗಷ್ಟೇ ಜೋತುಬೀಳುವಂತಿಲ್ಲ. ಅಮಲಿನಲ್ಲಿ ಹಾಳೆ ನೆನಪಾಗುವುದಿಲ್ಲ, ಮದ್ಯವರ್ಜನದ ಚಿಕಿತ್ಸೆಯೂ ಜೊತೆಗೇ ನಡೆಯಬೇಕು. ಹೊಡೆತ ಬಡಿತದ ಮನೆಯ ಹೆಣ್ಣಿಗೆ ಮಹಿಳಾ ಸಹಾಯವಾಣಿ 181ನ್ನು, ಮಕ್ಕಳಿಗೆ 1098ನ್ನು ಸೇರಿಸಬೇಕು. ಸಾಲದ ಕಾಟಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ಸಲಹೆ ಇದೆ. ಆರೋಗ್ಯ ಕೇಂದ್ರ ಯಾರ ಸಾಲವನ್ನೂ ತೀರಿಸಲಾರದು. ಸರಿಯಾದ ಬಾಗಿಲು ತೋರಿಸುವುದು ಸಣ್ಣ ಸಹಾಯವೇನಲ್ಲ.

ಮತ್ತೆ ಹೋಗುವುದು

ಇಡೀ ಕೆಲಸದಲ್ಲಿ ಅತಿ ಅಗ್ಗದ್ದೂ ಅತಿ ಹೆಚ್ಚು ಬಿಟ್ಟುಹೋಗುವುದೂ ಇದೇ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಕಡೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತ್ಮಹತ್ಯೆ ಯತ್ನದ ನಂತರ ಆಸ್ಪತ್ರೆಗೆ ಬಂದ 1,867 ಜನರಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಸಿಕ್ಕಿತು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನ್ ಇಲ್ಲವೆ ಭೇಟಿ. ಒಂದೂವರೆ ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ 2.2, ಎರಡನೆಯದರಲ್ಲಿ ಶೇ 0.2. ದುಬಾರಿ ಉಪಕರಣ, ಹೊಸ ಔಷಧ ಯಾವುದೂ ಅಲ್ಲಿರಲಿಲ್ಲ. “ಹೇಗಿದ್ದೀರಿ” ಎಂದು ಕೇಳುವ ಒಂದು ದನಿಯಿತ್ತು.

ಆ ಸಂಪರ್ಕಗಳ ವೇಳಾಪಟ್ಟಿ ಹೀಗಿತ್ತು: 1, 2, 4, 7, 11ನೆಯ ವಾರ, ಬಳಿಕ 4, 6, 12, 18ನೆಯ ತಿಂಗಳು. ಮೊದಲಿಗೆ ದಟ್ಟವಾಗಿ, ಆಮೇಲೆ ವಿರಳವಾಗಿ ಇಟ್ಟಿರುವುದಕ್ಕೆ ಕಾರಣವಿದೆ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರಗಳೇ ಎಲ್ಲಕ್ಕಿಂತ ಅಪಾಯದವು. ಈ ಒಂಬತ್ತು ದಿನಾಂಕಗಳನ್ನು ಲಸಿಕೆಯ ದಿನಾಂಕದ ಹಾಗೆ ಆಶಾ ಡೈರಿಯಲ್ಲಿ ಗುರುತು ಹಾಕಿಡಬಹುದು. ಅವಳು ಆ ಬೀದಿಗೆ ಹೇಗೂ ಬಾಣಂತಿಯನ್ನೋ ಕ್ಷಯದ ರೋಗಿಯನ್ನೋ ನೋಡಲು ಹೋಗುವವಳಾದ್ದರಿಂದ ಯಾರ ಕಣ್ಣಿಗೂ ಈ ಭೇಟಿ ವಿಶೇಷವೆನಿಸುವುದಿಲ್ಲ. ಅಂಗಳದಲ್ಲಿ ನಿಂತು ಗಟ್ಟಿಯಾಗಿ “ಈಗ ಆ ಯೋಚನೆ ಬರುತ್ತಾ?” ಎಂದರೆ ಮಾತ್ರ ಊರಿಗೆಲ್ಲ ಸುದ್ದಿ, ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ. ನಿದ್ದೆ, ಊಟ, ಗುಳಿಗೆ, ಹೊರಗೆ ಕೊಟ್ಟ ವಿಷ ಮರಳಿ ಬಂತೇ, ಆ ಯೋಚನೆ ಮತ್ತೆ ಬಂದಿತ್ತೇ: ಇಷ್ಟು ವಿಷಯ ಒಳಗೆ ಕೂತು ಕೇಳಿದರೆ ಭೇಟಿ ಮುಗಿಯಿತು.

ಯತ್ನದ ಬಳಿಕ ಕೇಂದ್ರಕ್ಕೆ ಬಂದಾಗ

ವಿಷ ಸೇವಿಸಿದವರಿಗೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸುವ ಹಳ್ಳಿಯ ಪದ್ಧತಿ ಅಪಾಯಕಾರಿ. ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. 108ಕ್ಕೆ ಕರೆ ಮಾಡಿ, ಸೇವಿಸಿದ ವಸ್ತುವಿನ ಡಬ್ಬಿ ಅಥವಾ ಚೀಟಿಯನ್ನು ಜೊತೆಗೊಯ್ದು, ಕೂಡಲೇ ಆಸ್ಪತ್ರೆ ಸೇರಿಸುವುದೇ ಸರಿ. “ಸ್ವಲ್ಪವೇ ಕುಡಿದಿದ್ದು, ಈಗ ಚೆನ್ನಾಗಿದ್ದಾನೆ” ಎಂದು ಮನೆಯಲ್ಲಿ ಉಳಿಸಿಕೊಳ್ಳಬಾರದು.

ಮನೆಯವರು ಆಸ್ಪತ್ರೆಗೆ ಹಿಂಜರಿಯುವುದು ಪೊಲೀಸರ ಭಯಕ್ಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಪ್ರಕಾರ, ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಯತ್ನವನ್ನು ಅಪರಾಧವೆಂದಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮನ್ನು ಉಳಿಸಿಕೊಂಡಿಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಹೇರಲು ಮಾಡುವ ಯತ್ನವಷ್ಟೇ ಅದರ 226ನೆಯ ಕಲಮಿನಡಿ ಬರುತ್ತದೆ. ವೈದ್ಯಕೀಯ-ಕಾನೂನು ದಾಖಲೆ ಬರೆಯುವುದು ಬೇರೆ, ಚಿಕಿತ್ಸೆ ಬೇರೆ. ದಾಖಲೆ ಮುಗಿಯಲೆಂದು ಚಿಕಿತ್ಸೆ ಕಾಯುವಂತಿಲ್ಲ. ಊರಿನ ಸಭೆಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಇದನ್ನು ಬಿಡಿಸಿ ಹೇಳಿದರೆ ಆಸ್ಪತ್ರೆಗೆ ತರುವ ತಡ ಕಡಿಮೆಯಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

“ಹೆದರಿಸೋಕೆ ಮಾಡಿದ್ದು, ನಿಜವಾಗಿ ಸಾಯೋಕಲ್ಲ” ಎಂಬ ತೀರ್ಪು ಮೊದಲ ತಪ್ಪು. ಯತ್ನದ ಹಿಂದೆ ಕೋಪವಿರಲಿ, ಹಟವಿರಲಿ, ಅಪಾಯ ಮಾತ್ರ ಅಷ್ಟೇ. ಚಿಕಿತ್ಸೆಯ ಹೊತ್ತಿನಲ್ಲಿ ಸಿಬ್ಬಂದಿಯಿಂದ ಕೇಳಿದ ಒಂದು ಕಟುಮಾತು ಮುಂದೆಂದೂ ಅವರು ಸಹಾಯ ಕೇಳದಂತೆ ಮಾಡಬಲ್ಲದು.

ಮಕ್ಕಳ ತಲೆ ಮುಟ್ಟಿಸಿ, ದೇವರ ಪಟದ ಮುಂದೆ ನಿಲ್ಲಿಸಿ “ಇನ್ನು ಮಾಡಿಕೊಳ್ಳಲ್ಲ” ಎಂದು ಆಣೆ ಮಾಡಿಸುವುದು ಎರಡನೆಯದು. ಕೇಳುವವರಿಗೆ ನೆಮ್ಮದಿ ಸಿಗುತ್ತದೆ. ಆಣೆ ಮಾಡಿದವರಿಗೆ ಮತ್ತೆ ಆ ಯೋಚನೆ ಬಂದಾಗ ಹೇಳಿಕೊಳ್ಳಲು ಬಾಯಿ ಇರುವುದಿಲ್ಲ. ಆಣೆಗಿಂತ ಸುರಕ್ಷತಾ ಯೋಜನೆ ಲೇಸು. “ಯಾರಿಗೂ ಹೇಳಲ್ಲ” ಎಂದು ಸಿಬ್ಬಂದಿ ಮಾತು ಕೊಡುವುದೂ ಇಂಥದ್ದೇ ತಪ್ಪು. “ಊರಲ್ಲಿ ಯಾರಿಗೂ ಹೇಳುವುದಿಲ್ಲ, ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ವೈದ್ಯರಿಗೆ, ನೀವು ನಂಬುವ ಒಬ್ಬರಿಗೆ ಹೇಳಲೇಬೇಕಾಗುತ್ತದೆ” ಎಂದು ಮೊದಲೇ ತಿಳಿಸಿದರೆ ನಂಬಿಕೆ ಕೆಡುವುದಿಲ್ಲ.

ಪಾಪಪುಣ್ಯದ ಉಪದೇಶ, “ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ” ಎಂಬ ಹೋಲಿಕೆ, “ಮದುವೆ ಮಾಡಿದರೆ ಸರಿಹೋಗುತ್ತೆ” ಎಂಬ ಪರಿಹಾರ, ಎಲ್ಲವೂ ಒಂಟಿತನವನ್ನು ಹೆಚ್ಚಿಸುತ್ತವೆ. ಬಹು ದಿನ ಕುಗ್ಗಿದ್ದವರು ಒಮ್ಮೆಲೇ ಶಾಂತರಾದರೆ ವಾಸಿಯಾಯಿತೆಂದು ನಿರಾಳವಾಗುವುದೂ ಅವಸರವೇ. ತೀರ್ಮಾನ ಮಾಡಿಬಿಟ್ಟ ಶಾಂತಿಯೂ ಹಾಗೇ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಇನ್ನೊಮ್ಮೆ ಕೇಳಬೇಕು.

ಪತ್ರಿಕೆಗಳ ರೂಢಿಮಾತು ‘ಆತ್ಮಹತ್ಯೆಗೆ ಶರಣು’ ಸಿಬ್ಬಂದಿಯ ಬಾಯಿಗೂ ಬಂದಿದೆ. ಶರಣು ಎನ್ನುವುದು ಆಶ್ರಯ ಪಡೆಯುವ ಮಾತು. ಸಾವಿನಲ್ಲಿ ಆಶ್ರಯವಿದೆಯೆಂದು ಸೂಚಿಸುವ ನುಡಿಗಟ್ಟನ್ನು ಆರೋಗ್ಯ ಸಿಬ್ಬಂದಿ ಬಳಸದಿರುವುದು ಒಳ್ಳೆಯದು. ‘ಆತ್ಮಹತ್ಯೆಯಿಂದ ತೀರಿಕೊಂಡರು’ ಎಂದರೆ ಸಾಕು. ಹೇಗೆ ಸತ್ತರು ಎಂಬ ವಿವರವನ್ನು ಕೇಂದ್ರದ ಹೊರಗೆ ಆಡಬಾರದು. ಒಂದು ಊರಿನಲ್ಲಿ ಒಂದು ಸಾವಾದ ಮೇಲೆ ವಿವರ ಹರಡಿದಷ್ಟೂ, ಅದೇ ಬಗೆಯ ಸಂಕಟದಲ್ಲಿರುವ ಬೇರೆಯವರಿಗೆ ಅಪಾಯ ಹೆಚ್ಚು.

ಸಾವು ನಡೆದೇಹೋದಾಗ ಆ ಮನೆಯನ್ನು ಬಿಟ್ಟುಬಿಡುವುದು ಕೊನೆಯ ತಪ್ಪು. ದೂಷಣೆ, ನಾಚಿಕೆ, ಪೊಲೀಸ್ ವಿಚಾರಣೆ, ಪರಿಹಾರದ ಅರ್ಜಿಗಳ ನಡುವೆ ಸಿಕ್ಕ ಹೆಂಡತಿ ಮಕ್ಕಳೇ ಮುಂದೆ ಅಪಾಯದಲ್ಲಿರುವವರು. ಹನ್ನೊಂದನೆಯ ದಿನದ ತಿಥಿ ಮುಗಿದು ನೆಂಟರು ಹೊರಟ ಮೇಲೆ ಆ ಮನೆಗೆ ಒಂದು ಭೇಟಿ ಬೇಕು, ತಿಂಗಳಿಗೆ ಇನ್ನೊಂದು. ಆ ರೋಗಿಯನ್ನು ನೋಡಿಕೊಂಡಿದ್ದ ಕಾರ್ಯಕರ್ತೆಯನ್ನೂ ವೈದ್ಯಾಧಿಕಾರಿ ಕರೆದು ಮಾತಾಡಿಸಬೇಕು. ಎಲ್ಲ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಜೀವ ಉಳಿಯುವುದಿಲ್ಲ; ತಪ್ಪು ತನ್ನದೆಂದು ಅವಳು ಒಬ್ಬಳೇ ಕೊರಗುವಂತಾಗಬಾರದು.

ಟೆಲಿ ಮನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಕೆಲಸ ಮಾಡುತ್ತಿದೆ. 14416 ಅಥವಾ 1800-891-4416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಈ ಸಂಖ್ಯೆ ಪ್ರತಿ ಉಪಕೇಂದ್ರದ ಗೋಡೆಯ ಮೇಲೆ, ಗೊಬ್ಬರದ ಅಂಗಡಿಯ ಮುಂದೆ, ಶಾಲೆಯ ಬಾಗಿಲಲ್ಲಿ ಕಣ್ಣಿಗೆ ಬೀಳುವಂತೆ ಬರೆದಿರಬೇಕು. ಬದುಕು ಬೇಡವೆನ್ನಿಸುವ ಯೋಚನೆ ಇದನ್ನು ಓದುತ್ತಿರುವವರದೇ ಆಗಿದ್ದರೆ ಬೆಳಗಾಗಲೆಂದು ಕಾಯದೆ ಈಗಲೇ ಕರೆ ಮಾಡಬೇಕು, ಮನೆಯಲ್ಲಿ ಒಬ್ಬರನ್ನಾದರೂ ಎಬ್ಬಿಸಿ ಹೇಳಬೇಕು.